ಹತ್ತು ಪಟ್ಟಿನ ದುರ್ಬೀನು

ಹಾರ್ಲನ್ ಟ್ಯಾಕೆಟ್‌ಗೆ ರೈಫಲ್ಲಿನ ತುದಿಯ ಗುರಿಕಡ್ಡಿ ಮಸುಕಾಗತೊಡಗಿ ಒಂದು ವರ್ಷ ಕಳೆದಿತ್ತು. ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅರವತ್ಮೂರು ತುಂಬಿದ ಫೆಬ್ರವರಿಯಲ್ಲಿ. ಅದೂ ಹೆಂಡತಿಯ ಮುಖಕ್ಕಲ್ಲ, ಒಲೆಯ ಮುಂದೆ ಬೀನ್ಸ್ ತಿರುವುತ್ತಿದ್ದ ಅವಳ ಬೆನ್ನಿಗೆ.

"ಒಂದು ಕಡ್ಡಿ ಎರಡಾಗಿ ಕಾಣ್ತಿದೆ, ವರ್ನಾ. ಈ ವರ್ಷ ಬಿಟ್ಬಿಡೋಣ ಅಂತಿದ್ದೀನಿ."

ವರ್ನಾ ಸೌಟನ್ನು ಕೆಳಗಿಟ್ಟಳು. ಏನನ್ನು ಬಿಡುವುದು ಎಂದು ಕೇಳಬೇಕಾಗಿರಲಿಲ್ಲ. ವಿನೀಟಾ ಊರಿನ ಆಚೆ, ಸುಣ್ಣಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯಲ್ಲಿ ಪ್ರತಿ ತಿಂಗಳ ಮೊದಲ ಶನಿವಾರ ರೈಫಲ್ ಪಂದ್ಯ ನಡೆಯುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಹಾರ್ಲನ್ ಮತ್ತು ಅವನ ಗೆಳೆಯ ಓಡೆಲ್ ಅಲ್ಲಿ ಒಂದೇ ತಂಡದಲ್ಲಿ ಹೊಡೆಯುತ್ತಿದ್ದರು. ವರ್ನಾ ಆ ತಂಡದ ಅಂಕ ಬರೆಯುತ್ತಿದ್ದಳು. ಹಾರ್ಲನ್ ಮಾತು ಕಡಿಮೆಯ ಮನುಷ್ಯ. ಗೋಧಿ ಗೋದಾಮಿನ ಕೆಲಸದಿಂದ ನಿವೃತ್ತನಾದ ಮೇಲಂತೂ ತಿಂಗಳಿಡೀ ಆಡದ ಮಾತನ್ನೆಲ್ಲ ಕೂಡಿಟ್ಟುಕೊಂಡು ಆ ಒಂದು ದಿನ ಆಡುತ್ತಿದ್ದ. ಆ ಶನಿವಾರ ಹೋಯಿತೆಂದರೆ ಮನುಷ್ಯನೂ ಸ್ವಲ್ಪ ಸ್ವಲ್ಪವಾಗಿ ಹೋಗಿಬಿಡುತ್ತಾನೆ ಎಂಬ ಹೆದರಿಕೆ ವರ್ನಾಳಿಗೆ ಬಹಳ ಹಿಂದಿನಿಂದಲೂ ಇತ್ತು.

ಇನ್ನೊಂದು ಹೆದರಿಕೆಯೂ ಇತ್ತು. ಅದನ್ನು ಇಬ್ಬರೂ ಮಾತಿಗೆ ತರುತ್ತಿರಲಿಲ್ಲ. ಹಾರ್ಲನ್‌ನ ತಾಯಿಗೆ ಅರವತ್ತೈದಕ್ಕೆ ನೋಟ ನಡುವಿನಿಂದ ಅಳಿಸಿಹೋಗಿತ್ತು. ಕೊನೆಯ ಹತ್ತು ವರ್ಷ ಆಕೆ ಎದುರಿಗಿದ್ದವರನ್ನು ಕಡೆಗಣ್ಣಿನಿಂದ ನೋಡುತ್ತ, ದನಿಯಿಂದ ಗುರುತಿಸುತ್ತ ಬದುಕಿದ್ದಳು. ಅಂದಿನಿಂದ ಹಾರ್ಲನ್ ಕಣ್ಣಿನ ಡಾಕ್ಟರ ಬಾಗಿಲು ತುಳಿದವನಲ್ಲ.

"ಬಿಡೋದ್ಯಾಕೆ? ರೈಫಲ್ ಮೇಲೊಂದು ದುರ್ಬೀನು, ಸ್ಕೋಪ್ ಹಾಕ್ಸೋಣ" ಎಂದಳು ವರ್ನಾ.

"ಸ್ಕೋಪು ಜಿಂಕೆ ಹೊಡೆಯೋಕೆ ಸರಿ. ಕ್ವಾರೀಲಿ ಹತ್ತು ಹೆಜ್ಜೆ ದೂರದ ರಟ್ಟಿನ ಬೊಂಬೆಗೆ ಹೊಡೆದು, ಓಡ್ಹೋಗಿ ಮುನ್ನೂರು ಗಜದ ತಟ್ಟೆಗೆ ಹೊಡೀಬೇಕು. ಬೊಂಬೆ ಮುಂದೆ ನಿಂತು ಅದರ ಅಂಗಿ ಗುಂಡೀನ ದೊಡ್ದಾಗಿ ನೋಡ್ಕೊಂಡು ಕೂರ್ಲಾ?"

"ಅದಕ್ಕೇ ಬೇರೆ ಥರದ್ದಿದೆ. ಒಂದು ಪಟ್ಟಿಗಿಟ್ರೆ ಬರಿಗಣ್ಣಲ್ಲಿ ನೋಡಿದ ಹಾಗೇ ಕಾಣತ್ತೆ. ಹಿಡಿ ತಿರುಗಿಸಿದ್ರೆ ಹಿಗ್ಗತ್ತೆ."

ಹಾಗೆ ಹೇಳಿದವಳು ಮೂರು ವಾರ ಅದನ್ನೇ ಓದಿದಳು. ಔಷಧಿ ಬಾಟಲಿಯ ಹಿಂದಿನ ಸಣ್ಣಕ್ಷರವನ್ನೂ ಬಿಡದೆ ಓದುವ ಹೆಂಗಸು ಅವಳು. ಯಾವುದರ ತೂಕ ಎಷ್ಟು, ಯಾವುದರ ಗಾಜು ಸಂಜೆಯ ಬೆಳಕಿಗೆ ಮಂಕಾಗುತ್ತದೆ, ಯಾವುದರ ಗಾಜಿನೊಳಗಿನ ಗುರಿಗೆರೆ ಹಿಗ್ಗಿಸಿದಂತೆ ದಪ್ಪವಾಗುತ್ತದೆ, ಎಲ್ಲವನ್ನೂ ಹಳದಿ ಹಾಳೆಯಲ್ಲಿ ಬರೆದಳು. ಕೊನೆಗೆ ಎರಡು ಉಳಿದವು. ಒಂದು ಆರು ಪಟ್ಟು ಹಿಗ್ಗಿಸುವುದು, ಇನ್ನೊಂದು ಹತ್ತು ಪಟ್ಟು. ಮಾರ್ಚಿನಲ್ಲಿ ಗಂಡನನ್ನು ಬಂದೂಕು ಮಾರುವ ಡೂಯಿಯ ಅಂಗಡಿಗೆ ಕರೆದೊಯ್ದಳು.

ಡೂಯಿ ಎರಡನ್ನೂ ಗಾಜಿನ ಕಪಾಟಿನಿಂದ ತೆಗೆದು, ಬಾಗಿಲನ್ನು ಅಗಲಕ್ಕೆ ತೆರೆದಿಟ್ಟ. ರಸ್ತೆಯಾಚೆ ಊರಿನ ಹೆಸರು ಬರೆದ ನೀರಿನ ಟ್ಯಾಂಕು ಕಾಣುತ್ತಿತ್ತು. ಹಾರ್ಲನ್ ಮೊದಲು ಚಿಕ್ಕದನ್ನು ಎತ್ತಿಕೊಂಡು ನೋಡಿದ.

"ಬಣ್ಣ ಬಳಿದೋನು ಕೊನೇ ಅಕ್ಷರ ತಪ್ಪಾಗಿ ಬರೆದು ತಿದ್ದಿದ್ದಾನೆ" ಎಂದ. ಮುಖದಲ್ಲಿ ನಗುವಿತ್ತು.

"ತಲೆ ಚೂರು ಅತ್ತಿತ್ತ ಆದ್ರೂ ಇದರಲ್ಲಿ ಚಿತ್ರ ಹೋಗಲ್ಲ" ಎಂದ ಡೂಯಿ. "ಹತ್ತು ಪಟ್ಟಿಂದು ಹಂಗಲ್ಲಪ್ಪ. ಅದು ಅತ್ತೆ ಇದ್ದ ಹಾಗೆ. ಅದು ಹೇಳಿದ್ ಕಡೆನೇ ಕಣ್ಣಿಟ್ಕೊಂಡು ಕೂರ್ಬೇಕು."

ಹಾರ್ಲನ್ ದೊಡ್ಡದನ್ನೂ ನೋಡಿದ. ಅದರಲ್ಲೂ ಚೆನ್ನಾಗಿಯೇ ಕಂಡಿತು. ಆದರೆ ಕೈ ಮತ್ತೆ ಚಿಕ್ಕದರ ಕಡೆಗೇ ಹೋಯಿತು. "ಓಡಾಡ್ಕೊಂಡು ಹೊಡೆಯೋನಿಗೆ ಇದು ಸಾಕು. ಹಗುರ ಇದೆ."

"ಇವತ್ತಿಗೆ ಸಾಕು" ಎಂದಳು ವರ್ನಾ. "ಇನ್ನೆರಡು ವರ್ಷಕ್ಕೆ?"

"ಇನ್ನೆರಡು ವರ್ಷಕ್ಕೆ ಏನಾಗತ್ತೆ?"

ವರ್ನಾ ಹಳದಿ ಹಾಳೆಯನ್ನು ನೋಡಿದಳು. ಹಾರ್ಲನ್ ಅವಳನ್ನೇ ನೋಡುತ್ತಿದ್ದ.

"ಇದನ್ನ ನಂಗೆ ತಗೋತಿದ್ದೀಯೋ, ನಮ್ಮಮ್ಮಂಗೆ ತಗೋತಿದ್ದೀಯೋ?"

ಡೂಯಿ ಮೊದಲೇ ಶುಭ್ರವಾಗಿದ್ದ ಗಾಜನ್ನು ಒರೆಸಲು ಶುರು ಮಾಡಿದ. ವರ್ನಾ ಹಾಳೆಯನ್ನು ಮಡಿಸಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಣ್ಣು ಇನ್ನೂ ಮಂದವಾದರೆ ಆರು ಸಾಲದೆ ಮತ್ತೆ ಬಿಡುತ್ತೇನೆ ಎನ್ನುತ್ತಾನಲ್ಲ ಎಂಬ ಯೋಚನೆ ಅವಳ ಬಾಯನ್ನು ಮುಚ್ಚಗೊಡಲಿಲ್ಲ. "ಹೆಚ್ಚಿಗೆ ಇದ್ರೆ ಕಡಿಮೆ ಮಾಡ್ಕೋಬಹುದು, ಇಲ್ದೇ ಇರೋದನ್ನ ಎಲ್ಲಿಂದ ತರ್ತೀಯ?" ಎಂದಳು.

"ಆಯ್ತು" ಎಂದ ಹಾರ್ಲನ್. "ಓದಿದೋಳು ನೀನು."

ಡೂಯಿ ಒಳಗಿನಿಂದ ಹತ್ತು ಪಟ್ಟಿನದರ ಹೊಸ ಪೆಟ್ಟಿಗೆ ತಂದುಕೊಟ್ಟ.

ಆ ಮನೆಯಲ್ಲಿ ಗುಂಡು ತುಂಬುವ ಕೆಲಸ ಹಾರ್ಲನ್‌ನದು, ತಿರುಪು ಬಿಗಿಯುವ ಕೆಲಸ ವರ್ನಾಳದು. ಅವಳ ಬೆರಳು ನಡುಗುತ್ತಿರಲಿಲ್ಲ. ಬಿಗಿದ ಮೇಲೆ ಪ್ರತಿ ತಿರುಪಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಕೆಂಪು ಗೆರೆ ಎಳೆಯುತ್ತಿದ್ದಳು. ತಿರುಪು ಕೂದಲಿನಷ್ಟು ಸರಿದರೂ ಗೆರೆ ತುಂಡಾಗಿ ಗೊತ್ತಾಗುತ್ತದೆ. ಅದಕ್ಕೆ ಬಳಸುತ್ತಿದ್ದುದು ತಂಗಿ ಎಂದೋ ಕೊಟ್ಟಿದ್ದ ಉಗುರುಬಣ್ಣ; ಉಗುರಿಗೆ ಅದನ್ನು ಒಂದು ದಿನವೂ ಹಚ್ಚಿರಲಿಲ್ಲ. ಕೆಂಪು ಗೆರೆ ಬಿದ್ದದ್ದನ್ನು ಯಾರೂ ಮುಟ್ಟಬಾರದು ಎಂಬುದು ಮನೆಯ ಕಟ್ಟಳೆ. ಓಡೆಲ್ ಕೂಡ ತನ್ನ ರೈಫಲ್ಲಿಗೆ ಅವಳ ಕೈಯಿಂದಲೇ ಗೆರೆ ಎಳೆಸಿಕೊಳ್ಳುತ್ತಿದ್ದ. "ವರ್ನಾ ಗೆರೆ ಎಳೆದ್ಲು ಅಂದ್ರೆ ಮುಗೀತು, ಪಾದ್ರಿ ಮದುವೆ ಮಾಡ್ಸಿದ ಹಾಗೆ" ಎನ್ನುತ್ತಿದ್ದ.

ಹಿತ್ತಲಿನ ಬಟ್ಟೆ ಒಣಗಿಸುವ ತಂತಿಗೆ ತೂಕದ ದಾರ ಇಳಿಬಿಟ್ಟು, ಗುರಿಗೆರೆ ಅದಕ್ಕೆ ಸಮನಾಗಿದೆಯೇ ಎಂದು ನೋಡುತ್ತ ವರ್ನಾ ಸ್ಕೋಪನ್ನು ಕೂರಿಸಿದಳು. ಕಣ್ಣಿಡುವ ತುದಿಯಲ್ಲಿ ಒಂದು ತಿರುಗುವ ಬಳೆಯಿತ್ತು. ಖಾಲಿ ಆಕಾಶದತ್ತ ಹಿಡಿದು ಗೆರೆ ಚೊಕ್ಕವಾಗಿ ಕಾಣುವವರೆಗೆ ಅದನ್ನು ತಿರುಗಿಸಬೇಕೆಂದು ಪುಸ್ತಿಕೆ ಹೇಳಿತ್ತು. ಅವಳ ಕನ್ನಡಕ ಸ್ಕೋಪಿನ ಅಂಚಿಗೆ ತಾಗಿ ಟಕ್ಕೆಂದಿತು. ಕನ್ನಡಕವನ್ನು ನೆತ್ತಿಗೇರಿಸಿ, ಬಳೆ ತಿರುಗಿಸಿದಳು. ಗೆರೆ ಕೂದಲೆಳೆಯಂತೆ ಮೂಡಿ ಬಂತು. ತಿರುಪುಗಳಿಗೆ ಕೆಂಪು ಗೆರೆ ಎಳೆದವಳು ಬಳೆಗೂ ಒಂದು ಎಳೆದಳು. ಕೆಲಸವನ್ನು ಅರ್ಧ ಮಾಡಿ ಅವಳಿಗೆ ಗೊತ್ತಿರಲಿಲ್ಲ.

ಏಪ್ರಿಲಿನಲ್ಲಿ ಹಾರ್ಲನ್ ಮೊದಲ ಸಲ ಅದರ ಹಿಂದೆ ಮಲಗಿ ಗುರಿ ಹಿಡಿದಾಗ ಬಹಳ ಹೊತ್ತು ಹಾಗೆಯೇ ಇದ್ದ. ಮೂರು ಸಲ ಕಣ್ಣು ಹೊಸಕಿಕೊಂಡ. ವರ್ನಾ ಎಣಿಸಿದಳು.

"ಹೇಗಿದೆ?"

"ಚೆನ್ನಾಗಿದೆ" ಎಂದ.

ಆ ವರ್ಷದ ಪಂದ್ಯಗಳಲ್ಲಿ ತಟ್ಟೆಗಳು ಅವನಿಗೆ ದಕ್ಕಲಿಲ್ಲ. ಮೊದಲೆಲ್ಲ ದೂರದ ಉಕ್ಕಿನ ತಟ್ಟೆ ಠಣ್ ಎಂದ ಕೂಡಲೇ ಹಿಂದಿನಿಂದ ಓಡೆಲ್ ಕೂಗುತ್ತಿದ್ದ: "ಅದಕ್ಕೆ ನೋವಾಯ್ತು ಕಣೋ, ಸಾರಿ ಹೇಳು." ಹಾರ್ಲನ್ ಮುಂದಿನ ಗುಂಡಿಗೆ ಮೊದಲು "ಸಾರಿ" ಎಂದು ಗೊಣಗುತ್ತಿದ್ದ. ಹೊಡೆಯುವವನ ಗಡಿಯಾರ ಓಡುತ್ತಿರುವಾಗ ಹೀಗೆ ಕಾಲ ಕಳೆಯುವ ಹುಚ್ಚರು ಕ್ವಾರಿಯಲ್ಲಿ ಇವರಿಬ್ಬರೇ. ಈಗ ಗುಂಡು ಹಿಂದಿನ ದಿಬ್ಬದಲ್ಲಿ ಮಣ್ಣು ಹಾರಿಸುತ್ತಿತ್ತು.

"ಏನೋ ಮುದುಕ, ಹೊಸ ಪೈಪು ಹಾಕ್ಕೊಂಡು ಗಿಡಕ್ಕೆ ನೀರು ಬಿಡ್ತಿದ್ದೀಯಾ?" ಎಂದ ಓಡೆಲ್ ಜೂನಿನಲ್ಲಿ. ಹಾರ್ಲನ್ ನಕ್ಕ. ಆಗಸ್ಟಿನಲ್ಲಿ ಅದೇ ಮಾತಿಗೆ ನಗಲಿಲ್ಲ. ಆಮೇಲೆ ಓಡೆಲ್ ಆ ಮಾತು ಆಡಲಿಲ್ಲ.

ಅಕ್ಟೋಬರಿನ ದೊಡ್ಡ ಪಂದ್ಯದ ಕೊನೆಗೆ ಬಹುಮಾನದ ಮೇಜು ಇಡುತ್ತಾರೆ. ಬಂದ ಸ್ಥಾನದ ಸರದಿಯಲ್ಲಿ ಒಬ್ಬೊಬ್ಬರೇ ಹೋಗಿ, ಮೇಜಿನ ಮೇಲಿದ್ದುದರಲ್ಲಿ ಬೇಕಾದ್ದೊಂದನ್ನು ಎತ್ತಿಕೊಳ್ಳಬೇಕು. ಓಡೆಲ್ ಆರನೆಯವನಾಗಿ ಹೋಗಿ ಒಂದು ಪೆಟ್ಟಿಗೆ ತಂದ. ಡೂಯಿಯ ಅಂಗಡಿಯಲ್ಲಿ ಹಾರ್ಲನ್ ಕೈಯಲ್ಲಿ ಹಿಡಿದು ನಕ್ಕಿದ್ದ ಅದೇ ಆರು ಪಟ್ಟಿನ ಸ್ಕೋಪು. ನಲವತ್ತೊಂಬತ್ತು ಜನರಲ್ಲಿ ಹಾರ್ಲನ್ ನಲವತ್ತೇಳನೆಯವನು. ಅವನ ಸರದಿ ಬಂದಾಗ ಮೇಜಿನ ಮೇಲೆ ಎಣ್ಣೆ ಬಟ್ಟೆಯ ಕಟ್ಟೊಂದು, ಎರಡು ಟೋಪಿ ಉಳಿದಿದ್ದವು. ಒಂದು ಟೋಪಿ ಎತ್ತಿಕೊಂಡು ಬಂದ.

"ತಗೋ" ಎಂದ ಓಡೆಲ್, ಪೆಟ್ಟಿಗೆ ಚಾಚಿ. "ಆ ಉದ್ದದ್ದು ನಿನ್ನ ಮೂತಿಗೆ ಒಪ್ಪಲ್ಲ. ಇದನ್ನ ಹಾಕಿ ನೋಡು. ಟೋಪಿ ನಂಗೆ ಕೊಡು, ಬೋಳುತಲೆಗೆ ಬೇಕು."

"ಹತ್ತು ಪಟ್ಟಲ್ಲಿ ಕಾಣದ್ದು ಆರು ಪಟ್ಟಲ್ಲಿ ಕಾಣತ್ತೇನೋ?"

ಅಷ್ಟೇ ಹೇಳಿ ಹಾರ್ಲನ್ ಗಾಡಿಯತ್ತ ನಡೆದ. ದಾರಿಯಲ್ಲಿ, ಮೊದಲ ತಿರುವು ದಾಟಿದ ಮೇಲೆ, ಹೆಂಡತಿಗೆ ಹೇಳಿದ: "ಮಾರ್ಚಲ್ಲಿ ಟ್ಯಾಂಕಿನ ಅಕ್ಷರ ಓದಿದ್ದೆ. ಏಪ್ರಿಲ್‌ಗೆ ಎಲ್ಲಾ ಹಾಲಲ್ಲಿ ಅದ್ದಿದ ಹಾಗೆ. ಅಮ್ಮಂಗೂ ಹೀಗೇ ಬೇಗ ಬಂತು."

ವರ್ನಾ ಅವನ ಮೊಣಕೈ ಹಿಡಿದಳು. ಡಾಕ್ಟರ ಹತ್ತಿರ ಹೋಗೋಣ ಎಂದಳು. "ಹೋಗಿ? ಡ್ರೈವಿಂಗ್ ಲೈಸೆನ್ಸ್ ಒಪ್ಪಿಸಿ ಬರೋಕಾ?" ಎಂದ. ಅವಳು ಹೆಚ್ಚು ಒತ್ತಾಯಿಸಲಿಲ್ಲ. ತನಗೂ ಆ ಉತ್ತರ ಕೇಳುವ ಧೈರ್ಯವಿರಲಿಲ್ಲ.

ರೈಫಲ್ ಬೀರುವಿಗೆ ಹೋಯಿತು. ಹೊತ್ತು ಮುಳುಗಿದ ಮೇಲೆ ಗಾಡಿ ಓಡಿಸುವುದನ್ನು ಹಾರ್ಲನ್ ಬಿಟ್ಟ. ಆಮೇಲೆ ಟಲ್ಸಾ ನಗರಕ್ಕೆ ಹೋಗುವ ಹೆದ್ದಾರಿಯನ್ನು ಬಿಟ್ಟ. ಮನೆಯೊಳಗೆ ಕುರ್ಚಿಗಳು ಎಲ್ಲಿವೆ ಎಂದು ಹೆಜ್ಜೆ ಎಣಿಸುವುದನ್ನು ವರ್ನಾ ಒಮ್ಮೆ ಕಂಡಳು. ಕಾಣದವಳಂತೆ ಅಡುಗೆಮನೆಗೆ ಹೋದಳು. ಅವನು ಕುರುಡನಾಗುವುದನ್ನು ಕಲಿಯುತ್ತಿದ್ದ. ಅವಳು ಕುರುಡನ ಹೆಂಡತಿಯಾಗುವುದನ್ನು ಕಲಿಯುತ್ತಿದ್ದಳು.

ಓಡೆಲ್ ಮಾತ್ರ ಪ್ರತಿ ಪಂದ್ಯದ ಹಿಂದಿನ ದಿನ, ಶುಕ್ರವಾರ, ಬಂದು ಗೇಟಿನ ಬಳಿ ಹಾರ್ನ್ ಹೊಡೆಯುತ್ತಿದ್ದ. "ನಾಳೆ ಏಳಕ್ಕೆ ಬರ್ಲೇನೋ?" ಎಂದು ಕೇಳುತ್ತಿದ್ದ. ಹಾರ್ಲನ್ ಇಲ್ಲವೆನ್ನುತ್ತಿದ್ದ. "ಹೊಡೀಬೇಡ, ಸುಮ್ನೆ ಬಂದು ಕೂತ್ಕೋ. ನಿನ್ನ ಬಿಟ್ರೆ ನಂಗೆ ಬೈಯೋಕೆ ಯಾರಿದ್ದಾರೆ?" ಎನ್ನುತ್ತಿದ್ದ. ಅದಕ್ಕೂ ಇಲ್ಲ. ಹೀಗೆ ಹದಿನಾರು ತಿಂಗಳು. ಹದಿನೇಳನೆಯ ಶುಕ್ರವಾರಕ್ಕೆ ಓಡೆಲ್ ಇರಲಿಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ ದನದ ತೊಟ್ಟಿಯ ಮೇಲಿನ ಮಂಜುಗಡ್ಡೆ ಒಡೆಯುತ್ತಿದ್ದಾಗ ಅವನ ಎದೆ ನಿಂತುಹೋಯಿತು.

ಏಪ್ರಿಲಿನಲ್ಲಿ ಓಡೆಲ್‌ನ ಮಗಳು ಮಾರ್ಲಾ ಬಂದಳು. ಮೂವತ್ತನಾಲ್ಕರ ಹೆಂಗಸು, ಅಪ್ಪನ ಹಾಗೆಯೇ ಜೋರು ದನಿ. ಕಂಕುಳಲ್ಲಿ ಒಂದು ಪೆಟ್ಟಿಗೆಯಿತ್ತು. ಹಾರ್ಲನ್ ಆಗ ಹಿಂದಿನ ಬೇಲಿಯ ಬಳಿ ಇದ್ದ.

"ಅಪ್ಪನ ಬೀರೂಲಿತ್ತು, ವರ್ನಾ ಆಂಟಿ. ಸೀಲೂ ಒಡೆದಿಲ್ಲ. ಮೇಲೆ ಏನ್ ಬರೆದಿದ್ದಾರೆ ನೋಡಿ."

ಆರು ಪಟ್ಟಿನ ಸ್ಕೋಪಿನ ಪೆಟ್ಟಿಗೆ. ಮೇಲೆ ಓಡೆಲ್‌ನ ದಪ್ಪ ಅಕ್ಷರ: ಹಾರ್ಲನ್‌ಗೆ. ಮುನಿಸು ಇಳಿದ ಮೇಲೆ.

"ಅಂಕಲ್ ಹೊಡೆಯೋದು ಬಿಟ್ರಲ್ಲ. ನಾನು ಅಪ್ಪನ ರೈಫಲ್ ತಗೊಂಡು ಕ್ವಾರಿಗೆ ಹೋಗೋಣ ಅಂತಿದ್ದೀನಿ. ಅವರಿಗೆ ಬೇಡ ಅಂದ್ರೆ ಇದನ್ನ ಹಾಕ್ಕೊಳ್ಲಾ, ಇಲ್ಲಾ ಹತ್ತು ಪಟ್ಟಿಂದು ತಗೊಳ್ಲಾ? ಯಾವುದು ವಾಸಿ? ನಿಮ್ಹತ್ರ ಹತ್ತರದ್ದು ಇದ್ಯಂತಲ್ಲ, ಒಂದ್ಸಲ ತೋರ್ಸಿ."

ವರ್ನಾ ರೈಫಲ್ ತೆಗೆದು, ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ಹಿತ್ತಲ ಮೇಜಿನ ಮೇಲಿಟ್ಟಳು. ಮಾರ್ಲಾ ಕಣ್ಣಿಟ್ಟಳು. "ಚೆನ್ನಾಗೇ ಕಾಣತ್ತೆ. ಸ್ವಲ್ಪ ಹೊತ್ತಿಗೆ ಕಣ್ಣು ಎಳೆಯತ್ತೆ, ಅಷ್ಟೇ. ನೀವು ನೋಡಿ ಹೇಳಿ."

ಆ ಸ್ಕೋಪನ್ನು ಕೂರಿಸಿದ ದಿನದಿಂದ ವರ್ನಾ ಅದರೊಳಗೆ ನೋಡಿರಲಿಲ್ಲ. ಎರಡು ವರ್ಷ ಅವಳು ನೋಡಿದ್ದು ಗಂಡನನ್ನು. ಬಾಗಿ, ಕನ್ನಡಕ ಅಂಚಿಗೆ ತಾಗದಂತೆ ಜೋಪಾನವಾಗಿ ಕಣ್ಣಿಟ್ಟಳು.

ಎಲ್ಲಾ ಹಾಲಲ್ಲಿ ಅದ್ದಿದ ಹಾಗಿತ್ತು. ಬೇಲಿ, ಅದರಾಚೆಯ ಗಾಳಿಯಂತ್ರ, ನಡುವಿನ ಗುರಿಗೆರೆ, ಯಾವುದಕ್ಕೂ ಅಂಚಿರಲಿಲ್ಲ.

ಅವಳು ತಲೆಯೆತ್ತಿದಳು. ಕೈ ತಾನಾಗಿಯೇ ಕನ್ನಡಕವನ್ನು ನೆತ್ತಿಗೇರಿಸಿತು. ಮತ್ತೆ ಬಾಗಿದಳು. ಗೆರೆ ಕೂದಲೆಳೆಯಂತೆ ನಿಂತಿತ್ತು. ಗಾಳಿಯಂತ್ರದ ರೆಕ್ಕೆಯ ತುಕ್ಕು ಕಂಡಿತು. ಅದು ಹತ್ತಿರದ್ದು ಬಿಟ್ಟು ದೂರದ್ದು ಕಾಣದ ಅವಳ ಬರಿಗಣ್ಣಿಗೆ ಹೊಂದಿಸಿದ ಬಳೆ. ಮಾರ್ಲಾಳಂಥ ಎಳೆಗಣ್ಣು ಎಳೆದಾಡಿ ಹೇಗೋ ಒಗ್ಗಿಸಿಕೊಳ್ಳುತ್ತದೆ. ಅರವತ್ತು ದಾಟಿದ, ದೂರಕ್ಕೆ ಸರಿಯಾಗಿರುವ ಕಣ್ಣಿಗೆ ಆಗದು. ಬಳೆಯ ಮೇಲೆ ಅವಳ ಕೆಂಪು ಗೆರೆ ಒಂದಿಷ್ಟೂ ತುಂಡಾಗದೆ ಹಾಗೆಯೇ ಇತ್ತು.

"ಏನಾಯ್ತು ಆಂಟಿ?"

"ಏನಿಲ್ಲ. ಅಂಕಲ್ನೇ ಕೇಳ್ಬೇಕು. ನೀನು ಭಾನುವಾರ ಬಾ."

ಮಾರ್ಲಾ ಹೋದ ಮೇಲೆ ವರ್ನಾ ಅವಳು ಕುಡಿದ ಕಾಫಿ ಲೋಟ ತೊಳೆಯುತ್ತ ನಿಂತಳು. ಹೇಳದೆಯೇ ಬಳೆ ತಿರುಗಿಸಿಟ್ಟು, ಇನ್ನೊಂದು ಸಲ ನೋಡು ಎಂದು ಅವನನ್ನು ಕರೆಯಬಹುದು. ಪೆಟ್ಟಿಗೆಯಲ್ಲಿ ಬಂದಾಗಲೇ ಹೀಗಿತ್ತು ಎನ್ನಬಹುದು. ಅಥವಾ ರೈಫಲ್ಲನ್ನು ಮತ್ತೆ ಬೀರುವಿನಲ್ಲಿಟ್ಟು ಬಾಯಿ ಮುಚ್ಚಿಕೊಳ್ಳಬಹುದು. ಆಗ ಅವನು ಕುರುಡುತನಕ್ಕೆ ಕಾಯುತ್ತ ಹೆಜ್ಜೆ ಎಣಿಸುತ್ತಲೇ ಇರುತ್ತಾನೆ. ಲೋಟ ತೊಳೆದು ಮುಗಿಯುವಷ್ಟು ಹೊತ್ತು ಈ ಮೂರನ್ನೂ ಯೋಚಿಸಿದಳು. ಆಮೇಲೆ ಬೇಲಿಯ ಕಡೆಗೆ ಹೋದಳು.

"ಹಾರ್ಲನ್, ಆ ಸ್ಕೋಪಿನ ಬಳೆ ನಾನು ನನ್ನ ಕಣ್ಣಿಗೆ ಇಟ್ಟಿದ್ದೆ. ಕನ್ನಡಕ ತೆಗೆದು. ನಿನ್ನ ಕಣ್ಣಿಗೆ ಏನೂ ಆಗಿರ್ಲಿಲ್ಲ."

ಅವನು ತಂತಿ ಹಿಡಿದಿದ್ದ ಇಕ್ಕಳವನ್ನು ಕೆಳಗಿಡದೆ ಕೇಳಿಸಿಕೊಂಡ. ಮೇಜಿನ ಬಳಿಗೆ ಬಂದ. ಅವಳೆದುರು ಕುಳಿತು ಕಣ್ಣಿಟ್ಟು, ಹೆಬ್ಬೆರಳಿನಿಂದ ಬಳೆಯನ್ನು ಒತ್ತಿದ. ಒಣಗಿದ ಬಣ್ಣ ಚಿಟ್ಟೆಂದು ಒಡೆಯಿತು. ನಿಧಾನವಾಗಿ ತಿರುಗಿಸುತ್ತ ಹೋಗಿ ಒಂದು ಕಡೆ ನಿಂತ. ಬಹಳ ಹೊತ್ತು ನೋಡಿದ.

"ರೆಕ್ಕೇಲಿ ಒಂದು ಬೋಲ್ಟ್ ಬಿದ್ಹೋಗಿದೆ" ಎಂದ.

ತಲೆಯೆತ್ತಿ, ಬಳೆಯ ಮೇಲೆ ಬೆರಳಾಡಿಸಿದ.

"ಇದು ತಿರುಗತ್ತೆ ಅಂತ ಗೊತ್ತಿತ್ತು ನಂಗೆ. ಒಂದೆರಡು ಸಲ ಕೈಯೂ ಇಟ್ಟಿದ್ದೆ."

"ಮತ್ತೆ?"

"ನಿನ್ನ ಗೆರೆ ಇತ್ತಲ್ಲ."

ಅವನು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣೊಂದರಲ್ಲೇ ಬೇಲಿಯನ್ನು, ಮರವನ್ನು, ಆಮೇಲೆ ಅವಳ ಮುಖವನ್ನು ನೋಡಿದ. "ಹೀಗೆ ಒಂದ್ಸಲ, ಗೋಡೆ ಕ್ಯಾಲೆಂಡರ್ ಮುಂದೆ ನಿಂತು ನೋಡಿದ್ರೆ ಸಾಕಿತ್ತು. ಎರಡು ವರ್ಷ ನೋಡ್ಲಿಲ್ಲ. ನಡುವೆ ಖಾಲಿ ಕಂಡ್ಬಿಟ್ರೆ ಅಂತ."

"ನಾನಾದ್ರೂ—"

"ಓಡೆಲ್ ಎಷ್ಟು ಸಲ ಬಂದಿದ್ದ?"

"ಹದಿನಾರು" ಎಂದಳು. ಅದನ್ನೂ ಅವಳು ಎಣಿಸಿದ್ದಳು.

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟರಮಟ್ಟಿಗೆ ಹಗುರವಾಗುತ್ತಿತ್ತು. ಮರುವಾರ ಇಬ್ಬರೂ ಕಣ್ಣಿನ ಡಾಕ್ಟರ ಬಳಿಗೆ ಹೋದರು. ವಯಸ್ಸಿಗೆ ತಕ್ಕ ಕಣ್ಣು, ಮುಂದಿನ ವರ್ಷ ಬನ್ನಿ ಎಂದು ಅವರು ಕಳಿಸಿದರು. ಹತ್ತು ಪಟ್ಟಿನದನ್ನು ಹಾರ್ಲನ್ ಮಾರ್ಲಾಳಿಗೆ ಕೊಟ್ಟ. "ಬಳೆ ನಿನ್ನ ಕಣ್ಣಿಗೆ ನೀನೇ ತಿರುಗಿಸ್ಕೋ, ಬೇರೆಯವರ ಕೈಗೆ ಕೊಡ್ಬೇಡ" ಎಂದ. ಆಗ ಅವನು ವರ್ನಾಳ ಕಡೆ ನೋಡಲಿಲ್ಲ; ನೋಡದಿರಲು ಎಚ್ಚರ ವಹಿಸಿದ್ದು ಅವಳಿಗೆ ತಿಳಿಯಿತು. ಓಡೆಲ್ ಬಿಟ್ಟುಹೋದ ಚಿಕ್ಕ ಸ್ಕೋಪನ್ನು ತನ್ನ ರೈಫಲ್ಲಿಗೆ ತಾನೇ ಕೂರಿಸಿದ, ತಿರುಪುಗಳನ್ನು ತಾನೇ ಬಿಗಿದ. ಉಗುರುಬಣ್ಣ ಎಲ್ಲಿ ಎಂದು ಕೇಳಲಿಲ್ಲ. ವರ್ನಾ ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಅವನ ಬೆರಳು ತುಸು ನಡುಗುವುದನ್ನು ನೋಡಿದಳು.

ಮೇ ತಿಂಗಳ ಮೊದಲ ಶನಿವಾರ ಕ್ವಾರಿಯಲ್ಲಿ ಮಾರ್ಲಾಳೂ ಇದ್ದಳು, ಹೆಸರು ಗೊತ್ತಿಲ್ಲದ ಹೊಸಬರು ಕೆಲವರಿದ್ದರು. ವರ್ನಾ ಅಂಕದ ಹಲಗೆ ಹಿಡಿದು ನಿಂತಳು. ಗಡಿಯಾರದ ಬೀಪ್ ಸದ್ದಾಯಿತು. ಹಾರ್ಲನ್ ಹತ್ತಿರದ ಬೊಂಬೆಗಳನ್ನು ಮುಗಿಸಿ, ಕಲ್ಲಿನ ಅಡ್ಡಗೋಡೆಯವರೆಗೆ ಮುದುಕನ ಓಟ ಓಡಿ, ಸ್ಕೋಪಿನ ಹಿಡಿಯನ್ನು ಆರಕ್ಕೆ ತಿರುಗಿಸಿ, ರೈಫಲ್ಲನ್ನು ಗೋಡೆಗೆ ಊರಿದ. ಮೊದಲ ಗುಂಡು. ಕಣ್ಣು ಮಿಟುಕಿಸುವಷ್ಟು ಹೊತ್ತಾದ ಮೇಲೆ ಕ್ವಾರಿಯ ಆ ತುದಿಯಿಂದ ಠಣ್ ಎಂಬ ಸದ್ದು ತೇಲಿ ಬಂತು.

ಇನ್ನೂ ನಾಲ್ಕು ತಟ್ಟೆಗಳಿದ್ದವು. ಹಾರ್ಲನ್ ಹೊಡೆಯಲಿಲ್ಲ. ಬೆರಳನ್ನು ಬಂದೂಕಿನ ಕುದುರೆಯಿಂದ ಆಚೆ ಚಾಚಿ, ತಲೆಯನ್ನು ತುಸುವೇ ಹಿಂದಕ್ಕೆ ವಾಲಿಸಿ ನಿಂತ. ಹಿಂದೆ ಯಾರೂ ಏನೂ ಕೂಗಲಿಲ್ಲ. ಮಾರ್ಲಾಳಿಗೆ ಅಪ್ಪನ ಆ ಮಾತು ಗೊತ್ತಿರಲಿಲ್ಲ. ಗೊತ್ತಿದ್ದ ವರ್ನಾಳಿಗೆ ಬಾಯಿ ತೆರೆಯಲಾಗಲಿಲ್ಲ; ಅದು ಅವಳು ಆಡಬೇಕಾದ ಮಾತಲ್ಲ. ಒಂದು, ಎರಡು, ಮೂರು ಎಂದು ಎಣಿಸಿದಳು.

"ಸಾರಿ" ಎಂದು ಗೊಣಗಿ ಹಾರ್ಲನ್ ಉಳಿದ ನಾಲ್ಕನ್ನೂ ಹೊಡೆದ. ನಾಲ್ಕೂ ಸದ್ದು ಮಾಡಿದವು.

"ನಲವತ್ತೊಂದು ಪಾಯಿಂಟ್ ಆರು ಸೆಕೆಂಡ್" ಎಂದ ಗಡಿಯಾರ ಹಿಡಿದಿದ್ದ ಹೊಸಬ. "ಚೆನ್ನಾಗಿ ಹೊಡೆದ್ರಿ ಅಂಕಲ್. ನಡುವೆ ಸುಮ್ನೆ ನಿಂತ್ಬಿಟ್ರಲ್ಲ, ಮೂರು ಸೆಕೆಂಡ್ ವೇಸ್ಟ್ ಆಯ್ತು."

"ಹೌದು" ಎಂದ ಹಾರ್ಲನ್.

ವರ್ನಾ ನಲವತ್ತೊಂದು ಪಾಯಿಂಟ್ ಆರು ಎಂದು ಬರೆದಳು. ಆ ಮೂರನ್ನು ಕಳೆದು ಬರೆಯುವ ಅಧಿಕಾರ ಅಂಕ ಬರೆಯುವವಳಿಗೆ ಇರಲಿಲ್ಲ.